ಯಜಮಾನಿಕೆಯೂ ಸೇವೆಯೂ

ಯಜಮಾನನೆಂಬ ಶಬ್ದವನ್ನು ನಾವು ದಿನಕ್ಕೆ ಹತ್ತು ಸಲ ಬಳಸುತ್ತೇವೆ. ಮನೆಗೆ ಯಜಮಾನನುಂಟು, ಅಂಗಡಿಗೆ ಯಜಮಾನನುಂಟು, ಕಾರ್ಖಾನೆಗೂ ಉಂಟು. ಗಂಡನ ಹೆಸರನ್ನೆತ್ತಲು ಸಂಕೋಚಪಡುವ ಗೃಹಿಣಿಯು 'ನಮ್ಮ ಯಜಮಾನರು' ಎಂದು ಹೇಳುವುದೂ ರೂಢಿಯೇ. ಆದರೆ ಈ ಶಬ್ದದ ಮೊದಲಿನ ಅರ್ಥವನ್ನು ನಾವು ನೆನೆಯುವುದು ಅಪೂರ್ವ. ಯಜ್ಞವನ್ನು ಮಾಡಿಸುವವನು ಯಜಮಾನ. ಯಜ್ಞದ ವೆಚ್ಚವನ್ನು ಹೊರುವವನು ಅವನು. ತನ್ನದೆಂಬ ದ್ರವ್ಯವನ್ನು ಅಗ್ನಿಗೆ ಒಪ್ಪಿಸಿ 'ಇದು ನನ್ನದಲ್ಲ' ಎಂದು ಬಿಟ್ಟುಕೊಡುವವನು ಅವನು. ಪತ್ನಿಯು ಪಕ್ಕದಲ್ಲಿಲ್ಲದೆ ಆ ಕರ್ಮಕ್ಕೆ ಅವನಿಗೆ ಅಧಿಕಾರವೂ ಇಲ್ಲ. ಕಾಲಕ್ರಮದಲ್ಲಿ ಬಿಟ್ಟುಕೊಡುವವನೆಂಬ ಅರ್ಥವು ಮಸುಕಾಗಿ, ಅಪ್ಪಣೆಮಾಡುವವನೆಂಬ ಅರ್ಥವು ಉಳಿದುಕೊಂಡಿತು.

ಕ್ರೈಸ್ತ ಧರ್ಮದ ಚರಿತ್ರೆಯಲ್ಲಿಯೂ ಇಂಥದೇ ಒಂದು ಮರೆವು ಮತ್ತೆ ಮತ್ತೆ ಕಾಣಬರುತ್ತದೆ. ಮರೆತುದನ್ನು ನೆನಪಿಗೆ ತಂದುಕೊಂಡವರೂ ಆಗಾಗ್ಗೆ ಹುಟ್ಟಿಬಂದಿದ್ದಾರೆ. ಮುಂದಾಳಾದವನು ತನ್ನ ಕೈಕೆಳಗಿನವರಿಗೆ ಏನಾಗಿರಬೇಕು, ಆ ಕಾರ್ಯದಲ್ಲಿ ಅವನ ಸ್ವಂತ ಜೀವನವು ಹೇಗೆ ಬೆಳೆಯುತ್ತದೆ ಅಥವಾ ಕುಂದುತ್ತದೆ, ಉದ್ಯೋಗದಲ್ಲಿ ಒಳ್ಳೆಯವನೆನಿಸಿಕೊಂಡವನು ಮನೆಯಲ್ಲಿಯೂ ಹಾಗೆಯೇ ಇರುವನೆ, ಎಂಬ ಮೂರು ಪ್ರಶ್ನೆಗಳನ್ನು ಆ ಧರ್ಮದವರು ಹೇಗೆ ಎದುರಿಸಿದರೆಂಬುದನ್ನು ಕೆಲವು ದೃಷ್ಟಾಂತಗಳ ಮೂಲಕ ಇಲ್ಲಿ ವಿಚಾರಮಾಡೋಣ. ನಮ್ಮ ಶ್ರೋತೃಗಳಲ್ಲಿ ಆ ಧರ್ಮದವರೂ ಇರಬಹುದು, ಅಲ್ಲದವರೂ ಇರಬಹುದು. ಕಚೇರಿ ಮತ್ತು ಸಂಸಾರವೆಂಬ ಎರಡು ನೊಗಗಳನ್ನು ಹೊತ್ತವರೆಲ್ಲರಿಗೂ ಈ ಪ್ರಶ್ನೆಗಳು ಸಮಾನವಾದುವೇ ಆಗಿವೆ.

ಮೂಲವು ಎರಡು ಸಣ್ಣ ಪ್ರಸಂಗಗಳಲ್ಲಿದೆ. ಒಂದು ಮಾರ್ಕನ ಸುವಾರ್ತೆಯದು. ಯಾಕೋಬ, ಯೋಹಾನರೆಂಬ ಇಬ್ಬರು ಸಹೋದರರು ಯೇಸುವಿನ ಬಳಿಗೆ ಬಂದು, ತಮ್ಮ ಗುರುವಿಗೆ ವೈಭವವು ಪ್ರಾಪ್ತವಾದಾಗ ಅವನ ಎಡಬಲಗಳ ಆಸನಗಳು ತಮಗೆ ಸಿಕ್ಕಬೇಕೆಂದು ಬೇಡುತ್ತಾರೆ. ಇದನ್ನು ಕೇಳಿ ಉಳಿದ ಹತ್ತು ಮಂದಿ ಶಿಷ್ಯರು ಸಿಟ್ಟಾಗುತ್ತಾರೆ. ಲೋಕದ ಅರಸರು ಪ್ರಜೆಗಳ ಮೇಲೆ ದೊರೆತನಮಾಡುವ ರೀತಿಯು ನಿಮ್ಮಲ್ಲಿ ಸಲ್ಲದು, ದೊಡ್ಡವನಾಗಬೇಕೆಂಬವನು ಎಲ್ಲರ ಆಳಾಗಲಿ ಎಂಬುದು ಯೇಸು ಆಗ ಅವರಿಗೆ ಹೇಳಿದ ಮಾತಿನ ತಾತ್ಪರ್ಯ. ಎರಡನೆಯ ಪ್ರಸಂಗವು ಯೋಹಾನನ ಸುವಾರ್ತೆಯ ಹದಿಮೂರನೆಯ ಅಧ್ಯಾಯದಲ್ಲಿದೆ. ಮರಣದ ಹಿಂದಿನ ರಾತ್ರಿ ಊಟದ ನಡುವೆ ಗುರುವು ಎದ್ದು, ಮೇಲುಹೊದಿಕೆಯನ್ನು ತೆಗೆದಿಟ್ಟು, ಸೊಂಟಕ್ಕೆ ವಸ್ತ್ರವನ್ನು ಕಟ್ಟಿಕೊಂಡು ಶಿಷ್ಯರ ಕಾಲುಗಳನ್ನು ತೊಳೆಯುತ್ತಾನೆ. ಧೂಳಿನ ದಾರಿಯಲ್ಲಿ ನಡೆದು ಬಂದವರ ಕಾಲು ತೊಳೆಯುವುದು ಆ ದೇಶದಲ್ಲಿ ಮನೆಯ ದಾಸರ ಕೆಲಸವಾಗಿತ್ತು. ನಮ್ಮಲ್ಲಿ ಶಿಷ್ಯನು ಗುರುವಿನ ಪಾದವನ್ನು ತೊಳೆಯುವುದುಂಟು. ಇಲ್ಲಿ ಅದು ತಿರುಗುಮುರುಗಾಗಿದೆ. ಪೇತ್ರನೆಂಬ ಶಿಷ್ಯನು ಮೊದಲು ಒಪ್ಪಲೇ ಇಲ್ಲ. ಅವನ ಸಂಕೋಚವು ಸಹಜವಾದದ್ದೇ. ಮೇಲಿನವನು ಕೆಳಗೆ ಕುಳಿತರೆ ಕೆಳಗಿನವನಿಗೂ ತನ್ನ ಸ್ಥಾನ ಯಾವುದೆಂಬುದು ತಿಳಿಯದೆ ಗಾಬರಿಯಾಗುತ್ತದೆ.

ಇಂಥ ಪ್ರಸಂಗವನ್ನು ವರ್ಷಕ್ಕೊಮ್ಮೆ ಪೂಜೆಯಲ್ಲಿ ಅಭಿನಯಿಸಿ ತೃಪ್ತರಾಗುವುದು ಸುಲಭ. ಅದನ್ನು ದಿನಬಳಕೆಯ ಕಟ್ಟಳೆಯಾಗಿ ಮಾಡಿದವರಲ್ಲಿ ಇಟಲಿ ದೇಶದ ಬೆನೆಡಿಕ್ಟನು ಮುಖ್ಯನು. ಕ್ರಿಸ್ತಶಕ 6ನೆಯ ಶತಮಾನದಲ್ಲಿ ಮಾಂಟೆ ಕಸೀನೋ ಎಂಬ ಬೆಟ್ಟದ ಮೇಲೆ ಮಠವನ್ನು ಸ್ಥಾಪಿಸಿದ ಈತನು ತನ್ನ ಸನ್ಯಾಸಿಗಳಿಗಾಗಿ 73 ಅಧ್ಯಾಯಗಳ ಒಂದು ನಿಯಮಾವಳಿಯನ್ನು ಬರೆದನು. ಇಂದಿಗೂ ಅದರಂತೆ ನಡೆಯುವ ಮಠಗಳುಂಟು. ಅದನ್ನು ಓದಿದವರಿಗೆ ಆಶ್ಚರ್ಯವಾಗುವುದು ಅದರಲ್ಲಿರುವ ಲೋಕಾನುಭವದಿಂದ. ಮುಖ್ಯವಾದ ಕಾರ್ಯವೇನಾದರೂ ಬಂದಾಗ ಮಠಾಧಿಪತಿಯು ಎಲ್ಲರನ್ನೂ ಕರೆದು ಕೇಳಬೇಕು. ಅತ್ಯಂತ ಕಿರಿಯವನ ಅಭಿಪ್ರಾಯವನ್ನೂ ಬಿಡಕೂಡದು, ಏಕೆಂದರೆ ಹಿರಿಯರಿಗೆ ಹೊಳೆಯದ ಹಿತವು ಕಿರಿಯರಿಗೆ ಹೊಳೆಯುವುದುಂಟು. ಎಲ್ಲವನ್ನೂ ಕೇಳಿದ ಮೇಲೆ ನಿರ್ಣಯವು ಮಾತ್ರ ಅವನದೇ, ಅದರ ಹೊಣೆಯೂ ಅವನದೇ. ತಪ್ಪನ್ನು ತಿದ್ದುವಾಗ ತುಕ್ಕನ್ನು ತೆಗೆಯಲು ಹೋಗಿ ಪಾತ್ರೆಯನ್ನೇ ಒಡೆದುಹಾಕಬಾರದೆಂದೂ, ಭಯಪಡಿಸಿಕೊಳ್ಳುವುದಕ್ಕಿಂತ ಪ್ರೀತಿಗೆ ಪಾತ್ರನಾಗಲು ಯತ್ನಿಸಬೇಕೆಂದೂ ಅವನಿಗೆ ಎಚ್ಚರಿಕೆಯಿದೆ. ಮಠದ ಉಗ್ರಾಣಿಗೆ ಹೇಳಿರುವ ಮಾತು ಇನ್ನೂ ಸೊಗಸು. ಹಾರೆ ಗುದ್ದಲಿಗಳನ್ನೂ ಪಾತ್ರೆ ಪದಾರ್ಥಗಳನ್ನೂ ದೇವರ ಪೂಜೆಯ ಪಾತ್ರೆಗಳಂತೆಯೇ ಕಾಣಬೇಕು. ಕೇಳಿದವನಿಗೆ ಕೊಡಲು ಏನೂ ಇಲ್ಲದಿದ್ದರೆ ಒಂದು ಒಳ್ಳೆಯ ಮಾತನ್ನಾದರೂ ಕೊಟ್ಟು ಕಳುಹಿಸಬೇಕು. ಅರ್ಜಿಯನ್ನು ಹಿಡಿದು ಕಚೇರಿಯ ಬಾಗಿಲಲ್ಲಿ ನಿಂತ ಅನುಭವವಿರುವವರಿಗೆ ಇದರ ಬೆಲೆ ತಿಳಿಯುತ್ತದೆ.

ಅಡುಗೆಮನೆಯ ಕೆಲಸಕ್ಕೆ ಅಲ್ಲಿ ವಾರದ ಸರದಿ. ಕಾಯಿಲೆಯವರನ್ನೂ ತೀರ ಅಗತ್ಯವಾದ ಬೇರೆ ಕೆಲಸದಲ್ಲಿರುವವರನ್ನೂ ಬಿಟ್ಟರೆ ಯಾರಿಗೂ ಅದರಿಂದ ವಿನಾಯಿತಿ ಇಲ್ಲ. ವಾರದ ಕೊನೆಯಲ್ಲಿ ಸರದಿ ಮುಗಿಸುವವನು ವಸ್ತ್ರಗಳನ್ನು ಒಗೆದಿಡಬೇಕು. ಅವನೂ, ಮುಂದಿನ ವಾರಕ್ಕೆ ಬರುವವನೂ ಕೂಡಿ ಎಲ್ಲರ ಕಾಲುಗಳನ್ನು ತೊಳೆಯಬೇಕು. ಹೀಗೆ ಸೇವೆಯು ಒಬ್ಬನ ಹಣೆಬರಹವಾಗದೆ ಎಲ್ಲರ ಸರದಿಯಾಯಿತು. ಅಡುಗೆಮನೆಯು ಒಬ್ಬಳ ಪಾಲಿಗೇ ಉಳಿದಿರುವ ಎಷ್ಟೋ ಸಂಸಾರಗಳಲ್ಲಿ ಈ ಒಂದು ಕಟ್ಟಳೆಯನ್ನು ಪರೀಕ್ಷಿಸಿ ನೋಡಬಹುದು.

ಮಠದ ಗೋಡೆಯೊಳಗೆ ನಡೆದದ್ದು ಪೇಟೆಯಲ್ಲಿ ನಡೆಯುವುದೇ ಎಂಬುದು ಮುಂದಿನ ಪ್ರಶ್ನೆ. ಅದಕ್ಕೆ ಉತ್ತರವಾಗಿ ಅಮೆರಿಕದ ಜಾನ್ ವುಲ್ಮನ್ನನನ್ನು ನೋಡೋಣ. ಈತನು 1720ರಲ್ಲಿ ನ್ಯೂಜೆರ್ಸಿಯಲ್ಲಿ ಹುಟ್ಟಿದ ಕ್ವೇಕರ್ ಪಂಥದವನು. ಆ ಪಂಥದವರಿಗೆ ಪುರೋಹಿತರಿಲ್ಲ; ಮೌನವಾಗಿ ಕುಳಿತು ಅಂತರಂಗದ ಪ್ರೇರಣೆಗಾಗಿ ಕಾಯುವುದೇ ಅವರ ಆರಾಧನೆ. ವುಲ್ಮನ್ನನು ಯುವಕನಾಗಿ ಒಂದು ಅಂಗಡಿಯಲ್ಲಿ ಕೆಲಸಕ್ಕಿದ್ದಾಗ, ಒಂದು ದಿನ ಯಜಮಾನನು ತಾನು ಮಾರಿದ ಕಪ್ಪು ದಾಸಿಯೊಬ್ಬಳ ಕ್ರಯಪತ್ರವನ್ನು ಬರೆಯೆಂದು ಹೇಳಿದನು. ಕೊಳ್ಳಬಂದವನೂ ತಮ್ಮ ಪಂಥದ ವೃದ್ಧನೇ. ವುಲ್ಮನ್ನನು ಬರೆದನು, ಆದರೆ ಇದು ಕ್ರೈಸ್ತ ಧರ್ಮಕ್ಕೆ ಒಪ್ಪುವ ಆಚಾರವಲ್ಲವೆಂದು ಇಬ್ಬರ ಮುಂದೆಯೂ ಹೇಳಿದನು. ಅಷ್ಟು ಹೇಳಿದರೆ ಸಾಲದು, ಬರೆಯಲೇಬಾರದಾಗಿತ್ತೆಂಬ ಕೊರಗು ಆಮೇಲೆ ಅವನನ್ನು ಬಿಡಲಿಲ್ಲ. ಮುಂದೆ, ದಾಸರನ್ನು ಮಕ್ಕಳಿಗೆ ಹಂಚಿಕೊಡುವ ಉಯಿಲುಗಳನ್ನು ಬರೆಯಬೇಕೆಂದು ಜನರು ಬಂದಾಗ ಅವನು ನಯವಾಗಿ ನಿರಾಕರಿಸಿದನು. ಕೋಪವಿಲ್ಲದ ಆ ನಿರಾಕರಣೆಯಿಂದಲೇ ಮನಸ್ಸು ಕರಗಿ ತಮ್ಮ ದಾಸರನ್ನು ಬಿಡುಗಡೆಮಾಡಲು ಒಪ್ಪಿದವರುಂಟು.

ವುಲ್ಮನ್ನನ ಅಂಗಡಿಯು ಚೆನ್ನಾಗಿ ಬೆಳೆಯಿತು. ಬೆಳೆದದ್ದೇ ಅವನಿಗೆ ಚಿಂತೆಗೆ ಕಾರಣವಾಯಿತು. ವ್ಯಾಪಾರವು ಹಿಗ್ಗಿದಷ್ಟೂ ಮನಸ್ಸು ಅದರಲ್ಲಿಯೇ ಸಿಕ್ಕಿಬೀಳುವುದೆಂದು ಕಂಡು, 1756ರ ಹೊತ್ತಿಗೆ ವ್ಯಾಪಾರವನ್ನು ಬಿಟ್ಟು, ದರ್ಜಿಯ ಕೆಲಸವನ್ನೂ ಹಣ್ಣಿನ ತೋಟವನ್ನೂ ಮಾತ್ರ ಇಟ್ಟುಕೊಂಡನು. ಹೆಂಡತಿಯೂ ಮಗಳೂ ಇದ್ದ ಸಂಸಾರಕ್ಕೆ ಅಷ್ಟು ಸಾಕೆಂದು ಅವನ ಎಣಿಕೆ. ಉಳಿದ ಕಾಲದಲ್ಲಿ ಊರೂರು ತಿರುಗಿ ದಾಸರನ್ನಿಟ್ಟುಕೊಂಡಿದ್ದ ಕ್ವೇಕರರ ಮನೆಗಳಲ್ಲಿಯೇ ತಂಗುತ್ತಿದ್ದನು. ಬೀದಿಯಲ್ಲಿ ನಿಂತು ಅವರನ್ನು ಬೈಯಲಿಲ್ಲ. ಹೊರಡುವಾಗ ತನಗೆ ಉಪಚಾರಮಾಡಿದ ದಾಸರಿಗೆಂದು ಹಣವನ್ನು ಕೊಡುತ್ತಿದ್ದನು. ಕೂಲಿಯಿಲ್ಲದ ದುಡಿಮೆಯ ಅನ್ನವನ್ನು ಉಣ್ಣಲು ತನ್ನ ಮನಸ್ಸು ಒಪ್ಪದೆಂಬುದನ್ನು ಆತಿಥೇಯನಿಗೆ ತಿಳಿಸಲು ಅದೊಂದೇ ಸಾಕಾಗುತ್ತಿತ್ತು. ದಾಸರ ದುಡಿಮೆಯಿಂದ ಬರುವ ಸಕ್ಕರೆಯನ್ನು ತಾನು ಬಿಟ್ಟನು. ಫಿಲಡೆಲ್ಫಿಯದ ಕ್ವೇಕರರ ವಾರ್ಷಿಕ ಸಭೆಯು 1758ರಲ್ಲಿ ದಾಸರ ಒಡೆಯರನ್ನು ಕಂಡು ಮಾತನಾಡಲು ಜನರನ್ನು ನೇಮಿಸಿತು. ಅವರಲ್ಲಿ ವುಲ್ಮನ್ನನೂ ಒಬ್ಬನು. 1772ರಲ್ಲಿ ಇಂಗ್ಲೆಂಡಿನ ಯಾರ್ಕ್ ಪಟ್ಟಣದಲ್ಲಿ ಸಿಡುಬಿನಿಂದ ಅವನು ತೀರಿಕೊಂಡನು. ಆ ಸಭೆಯು 1776ರಲ್ಲಿ, ದಾಸರನ್ನು ಇಟ್ಟುಕೊಳ್ಳುವುದನ್ನೇ ತನ್ನ ಸದಸ್ಯರಿಗೆ ನಿಷೇಧಿಸಿತು. ಅಮೆರಿಕ ದೇಶವು ಅದನ್ನು ನಿಷೇಧಿಸಲು 1865ರವರೆಗೆ ಕಾಯಬೇಕಾಯಿತು. ನಡುವೆ ಒಂದು ದೊಡ್ಡ ಅಂತರ್ಯುದ್ಧವೂ ನಡೆಯಬೇಕಾಯಿತು.

ಒಳ್ಳೆಯ ಮುಂದಾಳುತನವೂ ಎಲ್ಲಿ ಎಡವುತ್ತದೆಂಬುದಕ್ಕೆ ಅದೇ ಪಂಥದ ಇನ್ನೊಂದು ಮನೆತನವು ನಿದರ್ಶನ. ಕ್ಯಾಡ್ಬರಿ ಎಂಬ ಹೆಸರನ್ನು ಮಕ್ಕಳಿರುವ ಮನೆಗಳಲ್ಲಿ ಪರಿಚಯಮಾಡಿಕೊಡಬೇಕಾದುದಿಲ್ಲ. ಬರ್ಮಿಂಗ್‌ಹ್ಯಾಮಿನಲ್ಲಿ ತಂದೆಯು ನಡೆಸುತ್ತಿದ್ದ, ನಷ್ಟಕ್ಕೆ ಬಿದ್ದ ಕೋಕೋ ವ್ಯಾಪಾರವನ್ನು ರಿಚರ್ಡ್ ಮತ್ತು ಜಾರ್ಜ್ ಎಂಬ ಸಹೋದರರು 1861ರಲ್ಲಿ ವಹಿಸಿಕೊಂಡು, ತಾಯಿಯಿಂದ ಬಂದ ಹಣವನ್ನು ಅದಕ್ಕೆ ಸುರಿದು, ಕಷ್ಟಪಟ್ಟು ಎತ್ತಿನಿಲ್ಲಿಸಿದರು. 1879ರಲ್ಲಿ ಕಾರ್ಖಾನೆಯನ್ನು ಹೊಗೆತುಂಬಿದ ನಗರದಿಂದ ಹೊರಗೆ, ಬೋರ್ನ್‌ವಿಲ್ ಎಂದು ತಾವೇ ಹೆಸರಿಟ್ಟ ಸ್ಥಳಕ್ಕೆ ಸಾಗಿಸಿದರು. 1895ರಿಂದ ಜಾರ್ಜನು ಅಲ್ಲಿ ಮನೆಗಳನ್ನು ಕಟ್ಟಿಸಲಾರಂಭಿಸಿದನು. ಪ್ರತಿ ಮನೆಗೂ ಕೈತೋಟ. 1900ರಲ್ಲಿ ಆ ಗ್ರಾಮವನ್ನೆಲ್ಲ ಒಂದು ಧರ್ಮನಿಧಿಗೆ ಒಪ್ಪಿಸಿ, ತನ್ನ ಮನೆತನಕ್ಕೆ ಅದರಿಂದ ಲಾಭ ಬಾರದಂತೆ ಮಾಡಿದನು. ಭಾನುವಾರದ ಮುಂಜಾನೆಗಳಲ್ಲಿ ಬಡ ಕೂಲಿಗಾರರಿಗೆ ಓದುಬರಹ ಕಲಿಸುವ ಶಾಲೆಯಲ್ಲಿ ದಶಕಗಳ ಕಾಲ ಪಾಠ ಹೇಳಿದನು. ಇಂಥ ಯಜಮಾನರು ಅಂದಿನ ಇಂಗ್ಲೆಂಡಿನಲ್ಲಿ ವಿರಳ.

ಆದರೆ ಬೋರ್ನ್‌ವಿಲ್ಲಿಗೆ ಬರುತ್ತಿದ್ದ ಕೋಕೋ ಬೀಜದ ಒಂದು ದೊಡ್ಡ ಭಾಗವು ಪೋರ್ಚುಗೀಸರ ಸಾವೊ ಟೊಮೆ ಎಂಬ ದ್ವೀಪದ್ದು. ಅಲ್ಲಿನ ತೋಟಗಳಲ್ಲಿ ದುಡಿಯುತ್ತಿದ್ದವರು ಅಂಗೋಲದಿಂದ ಕರೆತಂದವರು. ಕಾನೂನಿನಲ್ಲಿ ಅವರು ಕರಾರಿನ ಕೂಲಿಗಳು. ವಾಸ್ತವದಲ್ಲಿ ಊರಿಗೆ ಹಿಂದಿರುಗುವ ದಾರಿಯೇ ಇಲ್ಲದ ದಾಸರು. 1901ರಲ್ಲಿ ಮಾರಾಟಕ್ಕೆ ಬಂದ ತೋಟವೊಂದರ ಆಸ್ತಿಯ ಪಟ್ಟಿಯಲ್ಲಿ ಕೂಲಿಗಳನ್ನೂ ಬೆಲೆಕಟ್ಟಿ ಸೇರಿಸಿದ್ದುದು ಕ್ಯಾಡ್ಬರಿಯವರ ಕಣ್ಣಿಗೆ ಬಿದ್ದಿತು. ಅವರು ಸುಮ್ಮನಿರಲಿಲ್ಲ: ವಿಚಾರಿಸಿದರು, 1905ರಲ್ಲಿ ತಮ್ಮ ಪ್ರತಿನಿಧಿಯನ್ನು ಕಳುಹಿಸಿದರು, ಸರ್ಕಾರದೊಡನೆ ಮಾತುಕತೆ ನಡೆಸಿದರು. ಆದರೆ ಬೀಜವನ್ನು ಕೊಳ್ಳುವುದನ್ನೂ ನಿಲ್ಲಿಸಲಿಲ್ಲ. ಗಿರಾಕಿಯಾಗಿ ಉಳಿದರೆ ತಮ್ಮ ಮಾತಿಗೆ ಬೆಲೆಯಿರುವುದು, ಬಿಟ್ಟರೆ ಬೇರೆಯವರು ಕೊಳ್ಳುವರು, ಎಂಬುದು ಅವರ ವಾದ. ಕೊನೆಗೆ 1909ರ ಮಾರ್ಚ್ ತಿಂಗಳಲ್ಲಿ ಆ ಬೀಜವನ್ನು ಬಿಟ್ಟರು. ಅಷ್ಟರಲ್ಲಿ ಲಂಡನ್ನಿನ 'ಸ್ಟ್ಯಾಂಡರ್ಡ್' ಪತ್ರಿಕೆಯು ಅವರ ನಡತೆಯನ್ನು ಹಳಿದು ಬರೆದಿತ್ತು. ಕ್ಯಾಡ್ಬರಿಯವರು ಹೂಡಿದ ಮಾನಹಾನಿಯ ದಾವೆಯಲ್ಲಿ ಜೂರಿಯವರು 1909ರ ಡಿಸೆಂಬರಿನಲ್ಲಿ ಅವರ ಪರವಾಗಿಯೇ ತೀರ್ಪನ್ನಿತ್ತರು. ಪರಿಹಾರವೆಂದು ಕೊಡಿಸಿದ್ದು ಮಾತ್ರ ಒಂದು ಫಾರ್ದಿಂಗು, ಎಂದರೆ ಪೆನ್ನಿಯ ಕಾಲುಭಾಗ.

ಆ ಕಾಲು ಪೆನ್ನಿಯ ಅರ್ಥವನ್ನು ನಾವು ಚೆನ್ನಾಗಿ ಗ್ರಹಿಸಬೇಕು. ಕ್ಯಾಡ್ಬರಿಯವರು ಕಪಟಿಗಳಲ್ಲ. ಕಣ್ಣೆದುರಿನ ಕೆಲಸಗಾರನಿಗೆ ಕೈತೋಟದ ಮನೆಯನ್ನು ಕೊಟ್ಟ ಕೈಯೇ ಕಾಣದ ದೂರದ ಕೆಲಸಗಾರನ ವಿಷಯದಲ್ಲಿ ಎಂಟು ವರ್ಷ ತಡೆಯಿತು. ವುಲ್ಮನ್ನನು ತನ್ನ ಬಟ್ಟಲಿನ ಸಕ್ಕರೆಯಿಂದ ಆರಂಭಿಸಿದನು. ಅವನಿಗೆ ಬಿಡುವುದಕ್ಕೆ ಇದ್ದದ್ದು ಸ್ವಲ್ಪವೇ, ಆದಕಾರಣ ಬೇಗ ಬಿಟ್ಟನು. ಸಾವಿರಾರು ಜನರ ಅನ್ನವು ತನ್ನ ನಿರ್ಣಯವನ್ನು ಅವಲಂಬಿಸಿದ್ದಾಗ ಅಷ್ಟು ಬೇಗ ಬಿಡಲಾಗುವುದಿಲ್ಲವೆಂಬ ಸಮಾಧಾನವೂ ಉಂಟು. ಆದರೆ ಆ ಸಮಾಧಾನದ ಬೆಲೆಯನ್ನು ತೆತ್ತವರು ಬೋರ್ನ್‌ವಿಲ್ಲಿನವರಲ್ಲ, ಅಂಗೋಲದವರು. ನಮ್ಮ ಧರ್ಮಬುದ್ಧಿಯ ಎಲ್ಲೆಯು ನಮ್ಮ ಕಣ್ಣಿನ ಎಲ್ಲೆಯೇ ಆಗಿದೆಯೆ ಎಂದು ದೊಡ್ಡ ಸಂಸ್ಥೆಗಳನ್ನು ನಡೆಸುವವರು ಆಗಾಗ್ಗೆ ಕೇಳಿಕೊಳ್ಳಬೇಕಾಗಿದೆ.

ಹಾಗೆಂದು ಕಣ್ಣಿಗೆ ತೀರ ಹತ್ತಿರವಿರುವುದೆಲ್ಲ ಕಾಣುತ್ತದೆಂದೂ ಹೇಳಲಾಗದು. ಕನ್ನಡಿಗರಿಗೆ ಉಪಕಾರಮಾಡಿದ ಒಬ್ಬರ ಸಂಸಾರವನ್ನು ಇಲ್ಲಿ ನೆನೆಯಬೇಕು. 1817ರಲ್ಲಿ ಬಂಗಾಳದ ಶ್ರೀರಾಮಪುರದ ಮುದ್ರಣಾಲಯದಿಂದ ಒಂದು ಕನ್ನಡ ವ್ಯಾಕರಣವು ಇಂಗ್ಲಿಷಿನಲ್ಲಿ ಹೊರಬಿದ್ದಿತು. ಅದರ ಕರ್ತೃ ವಿಲಿಯಂ ಕೇರಿ. ಇಂಗ್ಲೆಂಡಿನಲ್ಲಿ ಜೋಡು ಹೊಲಿಯುವ ಕಸಬಿನಲ್ಲಿದ್ದ ಈತನು ಸ್ವಂತ ಶ್ರಮದಿಂದ ಅನೇಕ ಭಾಷೆಗಳನ್ನು ಕಲಿತು 1793ರಲ್ಲಿ ಇಂಡಿಯಕ್ಕೆ ಬಂದನು. ಹೆಂಡತಿಯಾದ ಡೊರೊಥಿಗೆ ಬರುವ ಮನಸ್ಸೇ ಇರಲಿಲ್ಲ. ಕೊನೆಯ ಗಳಿಗೆಯಲ್ಲಿ, ತನ್ನ ತಂಗಿಯೂ ಜೊತೆಗೆ ಬರುವುದಾದರೆ ಆಗಬಹುದೆಂದು, ಹಸುಗೂಸನ್ನೆತ್ತಿಕೊಂಡು ಹಡಗನ್ನೇರಿದಳು. ಮರುವರ್ಷವೇ ಐದು ವರ್ಷದ ಮಗ ಪೀಟರನು ಬಂಗಾಳದಲ್ಲಿ ತೀರಿಕೊಂಡನು. ಆ ದುಃಖದಿಂದ ಡೊರೊಥಿಯು ಚೇತರಿಸಿಕೊಳ್ಳಲೇ ಇಲ್ಲ, ಬುದ್ಧಿಭ್ರಮಣೆಯಾಯಿತು. ಆಕೆಯನ್ನು ಕೋಣೆಯಲ್ಲಿರಿಸಿ ಕಾಯಬೇಕಾದ ಕಾಲವೂ ಬಂದಿತು. 1807ರಲ್ಲಿ ಆಕೆ ತೀರಿಕೊಳ್ಳುವವರೆಗೂ, ಆ ಮನೆಯಲ್ಲಿಯೇ, ಕೇರಿಯು ಭಾಷಾಂತರಗಳನ್ನೂ ವ್ಯಾಕರಣಗಳನ್ನೂ ಬರೆಯುತ್ತ ನಡೆದನು. ಗಂಡುಮಕ್ಕಳನ್ನು ಹದಕ್ಕೆ ತಂದವರು ಸಂಗಡಿಗರಾದ ಹ್ಯಾನಾ ಮಾರ್ಷ್‌ಮನ್ ಮತ್ತು ವಿಲಿಯಂ ವಾರ್ಡ್.

ಕೇರಿಯ ತಾಳ್ಮೆಯನ್ನು ಚರಿತ್ರಕಾರರು ಕೊಂಡಾಡಿದ್ದಾರೆ, ಅದು ಯೋಗ್ಯವಾದದ್ದೇ. 1812ರ ಬೆಂಕಿಯಲ್ಲಿ ವರ್ಷಗಟ್ಟಲೆಯ ಹಸ್ತಪ್ರತಿಗಳು ಸುಟ್ಟುಹೋದಾಗ ಅವನು ಮೊದಲಿನಿಂದ ಮತ್ತೆ ಆರಂಭಿಸಿದನೆಂಬುದನ್ನು ಓದಿದರೆ ಎಂಥವರಿಗೂ ಧೈರ್ಯ ಬರುತ್ತದೆ. ಆದರೆ ಡೊರೊಥಿಯ ಪಕ್ಕದಲ್ಲಿ ನಿಂತು ನೋಡಿದರೆ ಅದೇ ಚರಿತ್ರೆಯು ಬೇರೆಯಾಗಿ ಕಾಣುತ್ತದೆ. ಗಂಡನಿಗೆ ಬಂದ ಕರೆಯು ಆಕೆಗೆ ಬಂದಿರಲಿಲ್ಲ. ಯಜ್ಞವು ಅವನದು, ಆಹುತಿಯಾದವಳು ಆಕೆ. ಮಹತ್ಕಾರ್ಯಕ್ಕಾಗಿ ತ್ಯಾಗಮಾಡಿದೆವೆಂದು ಹೇಳುವವರು, ತ್ಯಾಗಮಾಡಿದ ವಸ್ತುವು ಯಾರದೆಂದು ಕೇಳಿಕೊಳ್ಳಬೇಕು. ಮನೆಯವರ ಆಯುಷ್ಯವನ್ನೂ ನೆಮ್ಮದಿಯನ್ನೂ ಅವರ ಸಮ್ಮತಿಯಿಲ್ಲದೆ ವೆಚ್ಚಮಾಡುವ ಅಧಿಕಾರವು ಯಾವ ಮುಂದಾಳಿಗೂ ಇಲ್ಲ.

ಶ್ರೀರಾಮಪುರದ ಆ ಕೂಡುಕುಟುಂಬವು ನಮಗೆ ಒಂದು ಒಳ್ಳೆಯ ಪದ್ಧತಿಯನ್ನೂ ಬಿಟ್ಟುಹೋಗಿದೆ. ಹಲವು ಸಂಸಾರಗಳಿಗೆ ಒಂದೇ ಊಟದ ಮನೆ, ಒಂದೇ ಹಣದ ಪೆಟ್ಟಿಗೆ. ಕೇರಿಯು ಕಲ್ಕತ್ತೆಯ ಕಾಲೇಜಿನಲ್ಲಿ ಗಳಿಸಿದ ಸಂಬಳವೂ ಅದಕ್ಕೇ. ಮನೆವಾರ್ತೆಯ ಮೇಲ್ವಿಚಾರಣೆಯು ತಿಂಗಳಿಗೊಬ್ಬರಂತೆ ಸರದಿಯ ಮೇಲೆ. ಶನಿವಾರದ ಸಂಜೆ ಎಲ್ಲರೂ ಸೇರಿ, ಆ ವಾರದಲ್ಲಿ ಒಬ್ಬರ ಮೇಲೊಬ್ಬರಿಗೆ ಉಂಟಾದ ಅಸಮಾಧಾನಗಳನ್ನು ಹೇಳಿಕೊಂಡು ಪರಿಹರಿಸಿಕೊಳ್ಳಬೇಕು. ಅತ್ತೆಸೊಸೆಯರೂ ಅಣ್ಣತಮ್ಮಂದಿರೂ ಒಂದೇ ಸೂರಿನಲ್ಲಿ ಬಾಳುವ ನಮ್ಮ ಮನೆಗಳಲ್ಲಿ ಮನಸ್ತಾಪಗಳು ಬಡ್ಡಿಗೆ ಬಡ್ಡಿ ಬೆಳೆಯುವುದನ್ನು ಕಂಡವರು, ವಾರಕ್ಕೊಮ್ಮೆ ಲೆಕ್ಕ ಚುಕ್ತಾಮಾಡುವ ಈ ಕ್ರಮದ ಜಾಣತನವನ್ನು ಒಪ್ಪದೆ ಇರಲಾರರು.

ನಮ್ಮ ಕರಾವಳಿಗೆ ಸಂಬಂಧಿಸಿದ ಇನ್ನೊಂದು ಎಳೆಯುಂಟು. 1834ರಲ್ಲಿ ಮಂಗಳೂರಿಗೆ ಬಂದ ಬಾಸೆಲ್ ಮಿಷನ್ನಿನವರು ಕನ್ನಡಕ್ಕೆ ಮಾಡಿದ ಸೇವೆಯು ಪ್ರಸಿದ್ಧವಾದದ್ದೇ. 1843ರ 'ಮಂಗಳೂರ ಸಮಾಚಾರ', 1894ರ ಕಿಟ್ಟೆಲರ ನಿಘಂಟು, ಎರಡೂ ಅವರಿಂದ ಬಂದುವು. ಅದೇ ಮಿಷನ್ನಿನ ಹೆರ್ಮನ್ ಗುಂಡರ್ಟ್ ತಲಶ್ಶೇರಿಯಲ್ಲಿದ್ದು ಮಲಯಾಳ ನಿಘಂಟನ್ನು ಮಾಡಿದನು. ಅವನ ಮಗಳು ಮರೀ ಎಂಬಾಕೆ 1842ರಲ್ಲಿ ತಲಶ್ಶೇರಿಯಲ್ಲಿ ಹುಟ್ಟಿದಳು. ಆ ಕಾಲದ ಮಿಷನರಿಗಳು ಮಕ್ಕಳನ್ನು ಯುರೋಪಿನಲ್ಲಿ ಬಿಟ್ಟು ಬರುತ್ತಿದ್ದರು. ಮರೀಯನ್ನೂ ಎಳೆಯ ವಯಸ್ಸಿನಲ್ಲಿಯೇ ಹಾಗೆ ಬಿಟ್ಟುಬಂದರು. ಅವಳು ತಂದೆತಾಯಿಗಳನ್ನು ಮತ್ತೆ ಕಂಡದ್ದು ಹದಿಹರೆಯದಲ್ಲಿ. ಈಕೆಯ ಮಗನೇ 1946ರಲ್ಲಿ ನೊಬೆಲ್ ಬಹುಮಾನವನ್ನು ಪಡೆದ ಜರ್ಮನ್ ಸಾಹಿತಿ ಹೆರ್ಮನ್ ಹೆಸ್ಸೆ. ಅವನು 1932ರಲ್ಲಿ ಪ್ರಕಟಿಸಿದ, ಪೂರ್ವದಿಕ್ಕಿನ ಯಾತ್ರೆಯ ಕಥೆಯೊಂದರಲ್ಲಿ ಲಿಯೋ ಎಂಬ ಸೇವಕನಿದ್ದಾನೆ. ಗಂಟುಮೂಟೆ ಹೊರುವುದೂ ಹಾಡಿ ನಲಿಸುವುದೂ ಅವನ ಕೆಲಸ. ಒಂದು ದಿನ ಅವನು ಕಾಣೆಯಾಗಲು ಯಾತ್ರಿಕರ ತಂಡವೇ ಒಡೆದುಹೋಗುತ್ತದೆ. ಆ ಯಾತ್ರೆಯನ್ನು ಕಳುಹಿಸಿದ ಸಂಘದ ಮುಖ್ಯಸ್ಥನು ಆ ಸೇವಕನೇ ಎಂಬುದು ಬಹುಕಾಲದ ಮೇಲೆ ತಿಳಿದುಬರುತ್ತದೆ.

ಈ ಕಥೆಯನ್ನು ಓದಿ ಬೆರಗಾದವನು ಅಮೆರಿಕದ ರಾಬರ್ಟ್ ಗ್ರೀನ್‌ಲೀಫ್. ದೊಡ್ಡದೊಂದು ಟೆಲಿಫೋನ್ ಸಂಸ್ಥೆಯಲ್ಲಿ ಜೀವಮಾನವೆಲ್ಲ ಕೆಲಸಮಾಡಿ 1964ರಲ್ಲಿ ನಿವೃತ್ತನಾದ ಈತನೂ ಕ್ವೇಕರನೇ. ವುಲ್ಮನ್ನನನ್ನು ಬಹುವಾಗಿ ಮೆಚ್ಚಿದವನು. 1970ರಲ್ಲಿ ಅವನು ಪ್ರಕಟಿಸಿದ ಒಂದು ಪ್ರಬಂಧದಿಂದ 'ಸೇವಕ ನಾಯಕ'ನೆಂಬ ಮಾತು ಉದ್ಯಮಗಳ ಲೋಕದಲ್ಲಿ ಹಬ್ಬಿತು. ನಾಯಕನ ಪರೀಕ್ಷೆಗೆ ಅವನು ಕೊಟ್ಟ ಒರೆಗಲ್ಲು ಇದು: ಅವನ ಕೈಕೆಳಗಿನವರು ಮನುಷ್ಯರಾಗಿ ಬೆಳೆಯುತ್ತಿರುವರೆ? ಮೊದಲಿಗಿಂತ ಹೆಚ್ಚು ಆರೋಗ್ಯವಂತರೂ ವಿವೇಕಿಗಳೂ ಸ್ವತಂತ್ರರೂ ಆಗುತ್ತಿರುವರೆ? ಸಮಾಜದಲ್ಲಿ ಎಲ್ಲರಿಗಿಂತ ಕಡೆಯವನಾದವನಿಗೆ ಇದರಿಂದ ಹಿತವೋ, ಕಡೆಯ ಪಕ್ಷ ಅಹಿತವಾದರೂ ಇಲ್ಲವೋ?

ನಾವು ಮೇಲೆ ಕಂಡವರನ್ನೆಲ್ಲ ಈ ಒರೆಗೆ ಹಚ್ಚಿ ನೋಡಬಹುದು. ಬೋರ್ನ್‌ವಿಲ್ಲಿನ ಕೆಲಸಗಾರನು ಬೆಳೆದನು, ಸಾವೊ ಟೊಮೆಯವನು ಬಳಲಿದನು. ಕೇರಿಯ ವಿದ್ಯಾರ್ಥಿಗಳು ಬೆಳೆದರು, ಡೊರೊಥಿಯು ಕುಗ್ಗಿಹೋದಳು. ಮುಂದಾಳಿನ ಪರೀಕ್ಷೆಯು ಅವನನ್ನು ಹೊಗಳುವವರಲ್ಲಿ ನಡೆಯತಕ್ಕದ್ದಲ್ಲ; ಅವನ ನಿರ್ಣಯದಿಂದ ನೋವುಂಟಾದರೂ ಅವನ ಮುಂದೆ ಬಾಯಿಬಿಡಲಾರದವರಲ್ಲಿ ನಡೆಯತಕ್ಕದ್ದು. ಅವನ ಸ್ವಂತ ಬೆಳವಣಿಗೆಯೂ ಇಲ್ಲಿಯೇ ಅಡಗಿದೆ. ವುಲ್ಮನ್ನನು ಬೆಳೆದದ್ದು ಪ್ರವಚನಗಳಿಂದಲ್ಲ. ಒಂದು ಕ್ರಯಪತ್ರವನ್ನು ಬರೆದ ಕೊರಗನ್ನು ಮರೆಯದೆ, ಮುಂದಿನ ಪತ್ರವನ್ನು ಬರೆಯದೆ ಇದ್ದುದರಿಂದ.

ಕಚೇರಿಯಲ್ಲಿ ಒಂದು ಮುಖ್ಯ ಕಾಗದಕ್ಕೆ ರುಜುಮಾಡುವ ಮೊದಲು ಅತ್ಯಂತ ಕಿರಿಯ ಗುಮಾಸ್ತನ ಅಭಿಪ್ರಾಯವನ್ನು ಕೇಳುವುದಕ್ಕೆ ಹಣದ ವೆಚ್ಚವಿಲ್ಲ. ಇಲ್ಲವೆನ್ನಬೇಕಾದಾಗ ಒಳ್ಳೆಯ ಮಾತಿನಿಂದ ಇಲ್ಲವೆನ್ನುವುದಕ್ಕೂ ಮೇಲಿನವರ ಮಂಜೂರಾತಿ ಬೇಕಿಲ್ಲ. ವರ್ಗವಾಗಿ ದೂರದ ಊರಿಗೆ ಹೋಗಬೇಕಾದಾಗ, ಹೊಸ ಉದ್ಯಮಕ್ಕೆ ಕೈಹಾಕಬೇಕೆಂದಿರುವಾಗ, ಹೆಂಡತಿಯನ್ನು ಮೊದಲು ಕೇಳಿ, ಆಕೆ ಬೇಡವೆಂದರೆ ಆ ಬೇಡದ ಕಾರಣವನ್ನು ಪೂರ್ತಿಯಾಗಿ ಆಲಿಸುವುದು ಇವೆಲ್ಲಕ್ಕಿಂತ ಕಷ್ಟವಾದದ್ದು. ಶನಿವಾರದ ಸಂಜೆ ಮನೆಯವರೆಲ್ಲ ಕುಳಿತು ವಾರದ ಲೆಕ್ಕವನ್ನು ತೀರಿಸಿಕೊಳ್ಳುವ ಪದ್ಧತಿಯಿಂದ ಇದನ್ನು ಆರಂಭಿಸಬಹುದು. ಮೊದಲ ಸಂಜೆ ಯಾರೂ ಮಾತನಾಡದೆ ಇರಬಹುದು. ಆಗ ಯಜಮಾನನೆನಿಸಿಕೊಂಡವನು ತನ್ನ ತಪ್ಪೊಂದನ್ನು ತಾನೇ ಹೇಳಲಿ. ಎರಡನೆಯ ಶನಿವಾರಕ್ಕೆ ಉಳಿದವರು ಬಾಯಿಬಿಡುತ್ತಾರೆ.